ಇಚ್ ಐಒದಲ್ಲಿ ನಿಮ್ಮ ಆಟ, ಅಸೆಟ್ ಪ್ಯಾಕ್ ಜನರ ಕಣ್ಣಿಗೆ ಬೀಳುವಂತೆ ಮಾಡುವ ಬಗೆ

ಕಂಪ್ಯೂಟರ್ ಆಟಗಳನ್ನು ಹಂಚುವ, ಮಾರುವ ಇಚ್ ಐಒ (itch.io) ತಾಣವನ್ನು ಲೀಫ್ ಕೊರ್ಕೊರನ್ 2013ರಲ್ಲಿ ಶುರು ಮಾಡಿದರು. ಸ್ವಂತವಾಗಿ ಆಟ ಮಾಡುವವರಿಗೂ, ಆಟಕ್ಕೆ ಬೇಕಾದ ಚಿತ್ರ, ಸದ್ದು, ಮಾಡೆಲ್‌ಗಳ ಕಟ್ಟು, ಅಂದರೆ ಅಸೆಟ್ ಪ್ಯಾಕ್ ಮಾಡಿ ಮಾರುವವರಿಗೂ ಇಲ್ಲಿ ಅಡೆತಡೆ ಕಡಿಮೆ. ಪುಟ ತೆರೆಯಲು ದುಡ್ಡು ಕಟ್ಟಬೇಕಿಲ್ಲ, ಪಬ್ಲಿಷರ್ ಬೇಕಿಲ್ಲ. ಬೆಲೆ ನಿಮ್ಮದು, ತಾಣಕ್ಕೆ ಎಷ್ಟು ಪಾಲು ಬಿಡಬೇಕೆಂಬ ತೀರ್ಮಾನವೂ ನಿಮ್ಮದೇ. ಎಲ್ಲರಿಗೂ ಇದೇ ಅನುಕೂಲ ಇರುವುದರಿಂದ ದಿನಾ ಹೊಸ ಪುಟಗಳು ರಾಶಿ ರಾಶಿ ಬರುತ್ತವೆ. ಪಬ್ಲಿಶ್ ಮಾಡಿದಾಗ ಹೊಸ ಪುಟಗಳ ಪಟ್ಟಿಯಲ್ಲಿ ನಿಮ್ಮದು ಸ್ವಲ್ಪ ಹೊತ್ತು ಮೇಲಿರುತ್ತದೆ, ಬೇಗನೆ ಕೆಳಗಿಳಿಯುತ್ತದೆ. ಆಮೇಲೆ ಅದನ್ನು ಮೇಲೆತ್ತುವುದು ನೀವು ಹೊರಗಿನಿಂದ ಕರೆತರುವ ಜನ. ಅವರು ಬಂದು ಆಡಿದರೆ, ಇಳಿಸಿಕೊಂಡರೆ ತಾಣವೂ ಆ ಪುಟವನ್ನು ಇನ್ನಷ್ಟು ಜನರ ಮುಂದಿಡುತ್ತದೆ. ಬಂದವರು ಹಾಗೇ ಹಿಂದಿರುಗಿದರೆ ಎಷ್ಟು ಪ್ರಚಾರ ಮಾಡಿದರೂ ಅಷ್ಟಕ್ಕಷ್ಟೇ. ಹಾಗಾಗಿ ಮೊದಲು ಪುಟವನ್ನು ಸರಿಮಾಡಿಕೊಳ್ಳಿ, ಜನರನ್ನು ಕರೆಯುವುದು ಆಮೇಲೆ.

ತೊಂದರೆ ಎಲ್ಲಿದೆ ಎಂದು ಅಂಕಿಗಳಲ್ಲಿ ನೋಡುವುದು

ಡ್ಯಾಶ್‌ಬೋರ್ಡಿನ ಅನಾಲಿಟಿಕ್ಸ್ ಭಾಗದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಇಷ್ಟು: ನಿಮ್ಮ ಕವರ್ ಚಿತ್ರ (ತಾಣದ ಪಟ್ಟಿಗಳಲ್ಲಿ ಪುಟದ ಗುರುತಾಗಿ ಕಾಣುವ ಚಿತ್ರ) ಎಷ್ಟು ಸಲ ತೋರಿಸಲ್ಪಟ್ಟಿತು, ಅದರಲ್ಲಿ ಎಷ್ಟು ಸಲ ಒತ್ತಿದರು, ಪುಟಕ್ಕೆ ಬಂದವರಲ್ಲಿ ಎಷ್ಟು ಮಂದಿ ಆಡಿದರು ಅಥವಾ ಡೌನ್‌ಲೋಡ್ ಮಾಡಿದರು. ಕವರ್ ಸಾಕಷ್ಟು ಸಲ ಕಂಡರೂ ಯಾರೂ ಒತ್ತದಿದ್ದರೆ ತಪ್ಪು ಕವರ್‌ನಲ್ಲಿದೆ, ಹೆಸರಿನಲ್ಲಿದೆ, ಅಥವಾ ತಪ್ಪು ಟ್ಯಾಗ್ (ಬಗೆ ತಿಳಿಸುವ ಗುರುತುಪದ) ಹಾಕಿ ಬೇರೆ ರುಚಿಯವರ ಮುಂದೆ ಇಟ್ಟಿದ್ದೀರಿ. ಪುಟಕ್ಕೆ ಬಂದೂ ಡೌನ್‌ಲೋಡ್ ಆಗದಿದ್ದರೆ ಸ್ಕ್ರೀನ್‌ಶಾಟ್, ವಿವರಣೆ, ಬೆಲೆ, ಫೈಲು ಇವುಗಳಲ್ಲಿ ಒಂದು ಕೆಟ್ಟಿದೆ. ಕವರ್ ಕಾಣಿಸಿಕೊಂಡದ್ದೇ ಬೆರಳೆಣಿಕೆಯಷ್ಟು ಎಂದಾದರೆ ಮಾತ್ರ ಅದು ಪ್ರಚಾರದ ಕೊರತೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕನಿಷ್ಠ ಒಂದು ವಾರ ಬಿಟ್ಟು ನೋಡಿ. ಕವರ್, ಬೆಲೆ, ವಿವರಣೆ ಮೂರನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯಲು ದಾರಿಯೇ ಇರುವುದಿಲ್ಲ. ಅದೇ ಭಾಗದಲ್ಲಿ ಜನ ಯಾವ ತಾಣದಿಂದ ಬಂದರು ಎಂಬ ಪಟ್ಟಿಯೂ ಇದೆ. ಮುಂದೆ ಸಮಯ ಎಲ್ಲಿ ಹಾಕಬೇಕು ಎಂದು ನಿರ್ಧರಿಸಲು ಅದು ಬೇಕಾಗುತ್ತದೆ.

ಕವರ್ ಚಿತ್ರ

ತಾಣ ಹೇಳುವ ಅಳತೆ 630×500 ಪಿಕ್ಸೆಲ್, ಕನಿಷ್ಠ 315×250. ಪಟ್ಟಿಗಳಲ್ಲಿ ಅದು ಸಣ್ಣದಾಗಿ ಕಾಣುತ್ತದೆ, ಫೋನಿನಲ್ಲಿ ಇನ್ನೂ ಸಣ್ಣದಾಗಿ. ಆದ್ದರಿಂದ ಚಿತ್ರ ಮುಗಿದ ಮೇಲೆ 150 ಪಿಕ್ಸೆಲ್ ಅಗಲಕ್ಕೆ ಇಳಿಸಿ ಫೋನಿನಲ್ಲಿ ನೋಡಿ. ಹೆಸರು ಓದಲು ಬರಬೇಕು, ಪಾತ್ರ ಯಾವುದು ಹಿನ್ನೆಲೆ ಯಾವುದು ಎಂದು ತಟ್ಟನೆ ಗೊತ್ತಾಗಬೇಕು. ಆಗದಿದ್ದರೆ ವಿವರಗಳನ್ನು ಕಿತ್ತುಹಾಕಿ. ಒಂದು ಪಾತ್ರ, ಅದು ಮಾಡುತ್ತಿರುವ ಒಂದು ಕೆಲಸ, ದಪ್ಪ ಅಕ್ಷರದ ಹೆಸರು ಸಾಕು. ಆಟದ ಮೆನು ಪರದೆಯನ್ನೇ ಕತ್ತರಿಸಿ ಕವರ್ ಮಾಡುವುದು ಹೆಚ್ಚಾಗಿ ಕಾಣುವ ತಪ್ಪು. ಮೆನುವಿನಲ್ಲಿ ಆಟ ಎಂಥದ್ದು ಎಂಬುದು ಇರುವುದೇ ಇಲ್ಲ.

ಪಿಕ್ಸೆಲ್ ಆರ್ಟ್ ಮಾಡುವವರು 126×100 ಅಳತೆಯ ಕ್ಯಾನ್ವಾಸಿನಲ್ಲಿ ಬರೆದು ಸರಿಯಾಗಿ 5 ಪಟ್ಟು ಹಿಗ್ಗಿಸಿದರೆ 630×500 ಬರುತ್ತದೆ. ಹಿಗ್ಗಿಸುವಾಗ ನಿಯರೆಸ್ಟ್ ನೇಬರ್ ಆಯ್ಕೆ ಇರಲಿ. ಬೈಕ್ಯೂಬಿಕ್‌ನಲ್ಲಿ ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ, ಪಿಕ್ಸೆಲ್ ಆರ್ಟ್ ಕೊಳ್ಳುವವರು ಅದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ಇಂಥವರ ಪ್ಯಾಕ್ ತಮ್ಮ ಆಟದಲ್ಲಿ ಹೇಗೆ ಕಂಡೀತು ಎಂಬ ಅನುಮಾನ ಅಲ್ಲೇ ಹುಟ್ಟುತ್ತದೆ.

ಚಲಿಸುವ ಜಿಫ್ ಕವರ್ ಕೂಡ ಹಾಕಬಹುದು. 3 ಎಂಬಿಯೊಳಗೆ ಇರಲಿ, ಮತ್ತೆ ಮತ್ತೆ ಓಡುವ 2-3 ಸೆಕೆಂಡಿನ ತುಣುಕು ಸಾಕು. ಮೌಸ್ ಮೇಲೆ ಬರುವ ತನಕ ಪಟ್ಟಿಯಲ್ಲಿ ನಿಂತ ಚಿತ್ರವೇ ಕಾಣುವುದರಿಂದ ಮೊದಲ ಫ್ರೇಮ್ ತನ್ನಷ್ಟಕ್ಕೆ ಪೂರ್ಣ ಕವರ್ ಆಗಿರಬೇಕು. ಕಪ್ಪು ಪರದೆಯಿಂದ ಶುರುವಾಗುವ ಜಿಫ್ ಹಾಕಿದರೆ ಪಟ್ಟಿಯಲ್ಲಿ ಕಾಣುವುದು ಬರೀ ಕಪ್ಪು ಚೌಕ.

ಸ್ಕ್ರೀನ್‌ಶಾಟ್ 3ರಿಂದ 5 ಇರಲಿ. ಮೊದಲನೆಯದರಲ್ಲಿ ಆಡುವವರು ಕೈಯಾರೆ ಮಾಡುವ ಕೆಲಸ ಕಾಣಬೇಕು. ಆಟದಲ್ಲಿ ಕನ್ನಡ ಬರಹ ಇದ್ದರೆ ಸ್ಕ್ರೀನ್‌ಶಾಟ್ ಹಾಕುವ ಮೊದಲು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಆಟ ಕಟ್ಟುವ ತಂತ್ರಾಂಶ (ಇಂಜಿನ್) ಯೂನಿಟಿಯಲ್ಲಿ ಬರಹ ತೋರಿಸುವ ಟೆಕ್ಸ್ಟ್ ಮೆಶ್ ಪ್ರೋ ಭಾರತೀಯ ಲಿಪಿಗಳನ್ನು ತಾನಾಗಿ ಜೋಡಿಸುವುದಿಲ್ಲ, 'ಕ್ಷ', 'ಸ್ತ್ರೀ' ಬಿಡಿಬಿಡಿಯಾಗಿ ಒಡೆದುಬರುತ್ತವೆ. ಇನ್ನೊಂದು ಇಂಜಿನ್ ಗೋಡೋ 4ರಲ್ಲಿ ಲಿಪಿ ಜೋಡಣೆ ಒಳಗೇ ಇದೆ. ನೋಟೋ ಸ್ಯಾನ್ಸ್ ಕನ್ನಡದಂಥ ಓಪನ್ ಫಾಂಟ್ ಲೈಸೆನ್ಸಿನ ಫಾಂಟ್ ಕೊಟ್ಟರೆ ಸರಿಯಾಗಿ ಬರುತ್ತದೆ. ನಮ್ಮ ಓದುಗರಿಗೆ ಒಡೆದ ಒತ್ತಕ್ಷರ ಕಂಡರೆ ಆಟದ ಮೇಲಿನ ನಂಬಿಕೆಯೇ ಹೋಗುತ್ತದೆ, ಹೋಗಬೇಕಾದ್ದೇ.

ವರ್ಗ, ಟ್ಯಾಗ್, ಘೋಷಣೆ

ಪುಟದ ಎಡಿಟ್ ಪರದೆಯ ಮೇಲ್ಭಾಗದಲ್ಲಿ ಕ್ಲಾಸಿಫಿಕೇಶನ್ ಎಂಬ ಆಯ್ಕೆ ಇದೆ. ಸುಮ್ಮನೆ ಬಿಟ್ಟರೆ ಅದು ಗೇಮ್ಸ್ ಎಂದೇ ಇರುತ್ತದೆ. ಟೈಲ್‌ಸೆಟ್ (ಆಟದ ನೆಲ, ಗೋಡೆ ಜೋಡಿಸುವ ಚಿಕ್ಕ ಚೌಕ ಚಿತ್ರಗಳ ಗುಂಪು) ಮಾಡಿದವರು ಇದನ್ನು ಗೇಮ್ ಅಸೆಟ್ಸ್ ಎಂದು ಬದಲಿಸದಿದ್ದರೆ ಅವರ ಪ್ಯಾಕ್ ಆಟ ಹುಡುಕುವವರಿಗೆ ಕಾಣುತ್ತದೆ, ಅಸೆಟ್ ಹುಡುಕುವವರಿಗೆ ಕಾಣುವುದೇ ಇಲ್ಲ. ಎಷ್ಟೋ ಒಳ್ಳೆಯ ಪ್ಯಾಕ್‌ಗಳು ಇದೊಂದೇ ಕಾರಣಕ್ಕೆ ಮೂಲೆಗೆ ಬೀಳುತ್ತವೆ.

ಟ್ಯಾಗ್ 10ರವರೆಗೆ ಹಾಕಬಹುದು. ಬರೆಯುತ್ತಿದ್ದಂತೆ ತಾಣವೇ ಸೂಚಿಸುವ ಟ್ಯಾಗ್‌ಗಳನ್ನೇ ಆರಿಸಿಕೊಳ್ಳಿ. ನೀವೇ ಹೊಸದಾಗಿ ಹುಟ್ಟಿಸಿದ ಟ್ಯಾಗನ್ನು ಯಾರೂ ಹುಡುಕುತ್ತಿರುವುದಿಲ್ಲ. ಎರಡು ಮೂರು ಅಗಲವಾದವು (ಪಿಕ್ಸೆಲ್ ಆರ್ಟ್, 2ಡಿ), ನಾಲ್ಕೈದು ಇಕ್ಕಟ್ಟಾದವು (ಟಾಪ್ ಡೌನ್, ಫಾರ್ಮಿಂಗ್, 16×16 ಇಂಥವು), ಮಿಕ್ಕದ್ದು ಭಾವಕ್ಕೆ ಸಂಬಂಧಿಸಿದವು. ಪ್ರತಿ ಟ್ಯಾಗನ್ನೂ ಒತ್ತಿ ಆ ಪಟ್ಟಿಯ ಮೊದಲ ಪುಟ ನೋಡಿ. ಅಲ್ಲಿರುವವುಗಳ ನಡುವೆ ನಿಮ್ಮದು ಹೊಂದುವುದಿಲ್ಲ ಅನಿಸಿದರೆ ಆ ಟ್ಯಾಗ್ ಬೇಡ. ಹಾರರ್ ಟ್ಯಾಗಿಗೆ ಜನ ಹೆಚ್ಚೆಂದು ಒಗಟಿನ ಆಟಕ್ಕೆ ಅದನ್ನು ಹಾಕಿದರೆ ಒತ್ತುವವರು ಕಡಿಮೆಯಾಗಿ, ಬಂದವರು ಕೆಟ್ಟ ರೇಟಿಂಗ್ ಕೊಟ್ಟು ಹೋಗುತ್ತಾರೆ.

2024ರ ನವೆಂಬರಿನಿಂದ ಇಚ್‌ನಲ್ಲಿ ಎಐ ಬಳಕೆಯ ಬಗ್ಗೆ ಹೇಳಿಕೊಳ್ಳುವ ಆಯ್ಕೆ ಇದೆ. ಅಸೆಟ್ ಪುಟಗಳಿಗೆ ಇದು ಕಡ್ಡಾಯ. ಎಐನಿಂದ ಮಾಡಿದ್ದನ್ನು ಮುಚ್ಚಿಡಬೇಡಿ. ಪುಟ ಪಟ್ಟಿಯಿಂದ ಹೊರಬೀಳುವುದಷ್ಟೇ ಅಲ್ಲ, ನಿಮ್ಮ ಪ್ಯಾಕ್ ಬಳಸಿ ಆಟ ಮಾಡಿದವರು ಸ್ಟೀಮ್ ಎಂಬ ದೊಡ್ಡ ಆಟದಂಗಡಿಗೆ ಹೋದಾಗ ಅಲ್ಲೂ ಇದೇ ಪ್ರಶ್ನೆಗೆ ಉತ್ತರಿಸಬೇಕು. ಅವರು ತಿಳಿಯದೆ ಸುಳ್ಳು ಹೇಳಿದಂತಾಗುತ್ತದೆ. ಕೈಯಿಂದಲೇ ಮಾಡಿದ್ದರೆ ಅದನ್ನೂ ವಿವರಣೆಯಲ್ಲಿ ಒಂದು ಸಾಲು ಬರೆಯಿರಿ, ಕೊಳ್ಳುವವರು ಅದನ್ನು ಹುಡುಕುತ್ತಿದ್ದಾರೆ.

ಹೊಸ ಖಾತೆಯ ಪುಟ, ಅದರಲ್ಲೂ ಬೆಲೆಯಿಟ್ಟ ಪುಟ, ಹುಡುಕಾಟದಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದು. ಪಬ್ಲಿಶ್ ಮಾಡಿದ ಮೇಲೆ ಲಾಗಿನ್ ಇಲ್ಲದ ಕಿಟಕಿಯಲ್ಲಿ ನಿಮ್ಮ ಆಟದ ಹೆಸರು ಹುಡುಕಿ. ಕಾಣದಿದ್ದರೆ ಮೊದಲು ಫೈಲು ತಾಣಕ್ಕೇ ಏರಿಸಿದ್ದೀರಾ, ಕವರ್ ಇದೆಯಾ ನೋಡಿ, ಆಮೇಲೆ ಸಪೋರ್ಟಿಗೆ ಬರೆಯಿರಿ. ಪುಟ ಹುಡುಕಾಟಕ್ಕೆ ಸಿಗುವ ಮೊದಲೇ ದೊಡ್ಡ ಪ್ರಚಾರ ಮಾಡಬೇಡಿ.

ಬ್ರೌಸರಿನಲ್ಲೇ ಆಡಿಸಿ

ಆಟಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಚಾರ ಇಲ್ಲ. ಗೊತ್ತಿಲ್ಲದವರ ಇಎಕ್ಸ್‌ಇ ಫೈಲನ್ನು ಇಳಿಸಿಕೊಳ್ಳಲು ಜನ ಹೆದರುತ್ತಾರೆ, ವಿಂಡೋಸ್ ಕೂಡ ಎಚ್ಚರಿಕೆ ಪರದೆ ತೋರಿಸಿ ಹೆದರಿಸುತ್ತದೆ. ಪುಟದಲ್ಲೇ ಒತ್ತಿ ಆಡುವಂತಿದ್ದರೆ ಆ ಅಳುಕೇ ಇರುವುದಿಲ್ಲ. ಇಡೀ ಆಟ ಆಗದಿದ್ದರೆ ಮೊದಲ ಹತ್ತು ನಿಮಿಷದ ಭಾಗವನ್ನಾದರೂ ವೆಬ್ ಬಿಲ್ಡ್ (ಬ್ರೌಸರಿನಲ್ಲಿ ಓಡುವ ರೂಪ) ಮಾಡಿ.

ಜಿಪ್ ಫೈಲಿನ ಮಿತಿಗಳು ಇವು: ಬಿಚ್ಚಿದ ಮೇಲೆ ಒಟ್ಟು 500 ಎಂಬಿ, ಯಾವುದೇ ಒಂದು ಫೈಲು 200 ಎಂಬಿ, ಫೈಲುಗಳ ಸಂಖ್ಯೆ 1,000, ಫೋಲ್ಡರ್ ದಾರಿ ಸೇರಿ ಹೆಸರಿನ ಉದ್ದ 240 ಅಕ್ಷರ. ಇವುಗಳೊಳಗೆ ಇದ್ದೂ ಆಟ ತೆರೆಯದಿದ್ದರೆ ಕಾರಣ ಸಾಮಾನ್ಯವಾಗಿ ಈ ಕೆಳಗಿನವುಗಳಲ್ಲೊಂದು.

ಇಂಡೆಕ್ಸ್ ಎಚ್‌ಟಿಎಂಎಲ್ ಫೈಲು ಜಿಪ್‌ನ ಹೊರ ಹಂತದಲ್ಲಿ ಇರಬೇಕು. ಫೋಲ್ಡರನ್ನೇ ಬಲಗುಂಡಿ ಒತ್ತಿ ಜಿಪ್ ಮಾಡಿದರೆ ಅದು ಒಂದು ಫೋಲ್ಡರ್ ಒಳಗೆ ಕೂತುಬಿಡುತ್ತದೆ. ಫೋಲ್ಡರ್ ಒಳಗೆ ಹೋಗಿ ಎಲ್ಲ ಫೈಲು ಆರಿಸಿ ಜಿಪ್ ಮಾಡಿ. ಎರಡನೆಯದು ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ. ಚಿತ್ರದ ಹೆಸರು ದೊಡ್ಡ 'ಪಿ'ಯಿಂದ ಶುರುವಾಗಿ ಕೋಡಿನಲ್ಲಿ ಚಿಕ್ಕ 'ಪಿ' ಬರೆದಿದ್ದರೂ ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ, ತಾಣದಲ್ಲಿ ಆ ಚಿತ್ರ ಮಾಯ. ಮನೆಯಲ್ಲಿ ಸರಿಯಿತ್ತಲ್ಲ ಎಂದು ತಲೆಕೆಡಿಸಿಕೊಳ್ಳುವವರಲ್ಲಿ ಅನೇಕರಿಗೆ ಆಗಿರುವುದು ಇದೇ.

ಗೋಡೋ 4ರ ಮೊದಲ ಆವೃತ್ತಿಗಳ ವೆಬ್ ಬಿಲ್ಡ್ ನಡೆಯಬೇಕಾದರೆ ಎಡಿಟ್ ಪುಟದಲ್ಲಿ ಶೇರ್ಡ್ ಅರೇ ಬಫರ್ ಬೆಂಬಲದ ಚೌಕಕ್ಕೆ ಗುರುತು ಹಾಕಬೇಕು. 4.3ರಿಂದ ಥ್ರೆಡ್ ಇಲ್ಲದ ಎಕ್ಸ್‌ಪೋರ್ಟ್ ಬಂದಿದೆ, ಅದನ್ನು ಆರಿಸಿಕೊಂಡರೆ ಈ ತಾಪತ್ರಯ ಇಲ್ಲ, ಹೆಚ್ಚು ಬ್ರೌಸರುಗಳಲ್ಲೂ ಓಡುತ್ತದೆ. ಯೂನಿಟಿಯಲ್ಲಿ ಫ್ರೇಮ್‌ವರ್ಕ್ ಫೈಲು ಓದಲಾಗುತ್ತಿಲ್ಲ ಎಂಬ ದೋಷ ಬಂದರೆ ಪ್ಲೇಯರ್ ಸೆಟ್ಟಿಂಗ್ಸ್‌ನ ಪಬ್ಲಿಷಿಂಗ್ ಭಾಗದಲ್ಲಿ ಡಿಕಂಪ್ರೆಶನ್ ಫಾಲ್‌ಬ್ಯಾಕ್ ಆನ್ ಮಾಡಿ ಮತ್ತೆ ಬಿಲ್ಡ್ ಮಾಡಿ.

ಸದ್ದು ಕೇಳುತ್ತಿಲ್ಲ ಎಂಬ ದೂರು ಬಂದರೆ ಅದು ಬ್ರೌಸರಿನ ನಿಯಮ: ಆಡುವವರು ಒಮ್ಮೆ ಒತ್ತುವ ತನಕ ಸದ್ದು ಹೊರಡಿಸಲು ಬಿಡುವುದಿಲ್ಲ. ಮೊದಲ ಪರದೆಯಲ್ಲಿ 'ಶುರು' ಗುಂಡಿ ಇಡಿ, ಸಂಗೀತ ಅಲ್ಲಿಂದ ಹೊರಡಲಿ. ಆಟದ ಚೌಕಟ್ಟು 960×540 ಇದ್ದರೆ ಬಹುಪಾಲು ಲ್ಯಾಪ್‌ಟಾಪಿನಲ್ಲಿ ಸ್ಕ್ರೋಲ್ ಮಾಡದೆ ಕಾಣುತ್ತದೆ. ಫುಲ್‌ಸ್ಕ್ರೀನ್ ಗುಂಡಿ ಮರೆಯದೆ ಇಡಿ. ಫೋನಿನಲ್ಲಿ ನಿಜವಾಗಿ ಆಡಿ ನೋಡದೆ ಮೊಬೈಲಿಗೆ ಹೊಂದುತ್ತದೆ ಎಂಬ ಗುರುತು ಹಾಕಬೇಡಿ.

ಡೌನ್‌ಲೋಡ್ ಬಿಲ್ಡ್‌ಗಳನ್ನು ಬಟ್ಲರ್ ಎಂಬ ಇಚ್‌ನ ಉಚಿತ ಕಮಾಂಡ್ ಲೈನ್ ಉಪಕರಣದಿಂದ ಏರಿಸುವುದು ಒಳ್ಳೆಯದು. ಬದಲಾದ ಭಾಗ ಮಾತ್ರ ಹೋಗುವುದರಿಂದ ನಿಧಾನದ ನೆಟ್‌ನಲ್ಲೂ ಅಪ್‌ಡೇಟ್ ಬೇಗ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಜಿಪ್ ಮಾಡಿದ ಮ್ಯಾಕ್, ಲಿನಕ್ಸ್ ಬಿಲ್ಡ್‌ಗಳಲ್ಲಿ 'ಓಡಿಸುವ ಅನುಮತಿ' ಕಳೆದುಹೋಗಿ ಆಟ ತೆರೆಯದಿರುವ ತೊಂದರೆಯನ್ನೂ ಅದು ಸರಿಪಡಿಸುತ್ತದೆ.

ಅಸೆಟ್ ಪ್ಯಾಕ್: ಕೊಳ್ಳುವವರು ಕೇಳುವ ಪ್ರಶ್ನೆಗಳೇ ಬೇರೆ

ಆಟ ಆಡುವವರು ಮನಸ್ಸಿಗೆ ಹಿಡಿಸಿದರೆ ಒತ್ತುತ್ತಾರೆ. ಅಸೆಟ್ ಕೊಳ್ಳುವವರು ಕೆಲಸದಲ್ಲಿ ಮುಳುಗಿರುತ್ತಾರೆ, ಅವರಿಗೆ ಬೇಕಾದ್ದು ಇದು ನನ್ನ ಪ್ರಾಜೆಕ್ಟಿಗೆ ಕೂರುತ್ತದಾ ಎಂಬುದು. ವಿವರಣೆಯ ಮೊದಲ ಐದು ಸಾಲಿನಲ್ಲೇ ಲೆಕ್ಕ ಕೊಡಿ. ಟೈಲ್ ಅಳತೆ ಎಷ್ಟು, ಎಷ್ಟು ಟೈಲು, ಪಾತ್ರಕ್ಕೆ ಯಾವ ಯಾವ ಚಲನೆ, ಪ್ರತಿಯೊಂದಕ್ಕೂ ಎಷ್ಟು ಫ್ರೇಮ್, ಎಷ್ಟು ದಿಕ್ಕು, ಯಾವ ಫಾರ್ಮ್ಯಾಟ್. 'ಸುಂದರವಾದ ಕಾಡಿನ ಪ್ಯಾಕ್' ಎಂಬ ಮಾತಿಗಿಂತ 'ಕಾಡು, 16×16, 220 ಟೈಲು, ನೀರಿಗೆ 4 ಫ್ರೇಮ್, ಪಿಎನ್‌ಜಿ ಜತೆ ಏಸ್‌ಪ್ರೈಟ್ (ಪಿಕ್ಸೆಲ್ ಆರ್ಟ್ ತಂತ್ರಾಂಶ) ಮೂಲ ಫೈಲು' ಎಂಬುದು ಹೆಚ್ಚು ಮಾರುತ್ತದೆ.

ಮುಖ್ಯ ಚಿತ್ರ ಟೈಲ್‌ಶೀಟ್ (ಎಲ್ಲ ಟೈಲು ಸಾಲಾಗಿ ಜೋಡಿಸಿದ ಹಾಳೆ) ಆಗದಿರಲಿ. ನಿಮ್ಮ ಟೈಲುಗಳಿಂದಲೇ ಕಟ್ಟಿದ ಒಂದು ಪೂರ್ತಿ ದೃಶ್ಯ ತೋರಿಸಿ: ಮನೆ, ದಾರಿ, ಕೆರೆ, ಪಾತ್ರ, ಮೂಲೆಯಲ್ಲಿ ಜೀವದ ಪಟ್ಟಿ. ಶೀಟ್ ಎರಡನೇ ಚಿತ್ರ. ದೃಶ್ಯ ಕಟ್ಟುವಾಗಲೇ ಯಾವ ಮೂಲೆಯ ಟೈಲು ಬಿಟ್ಟುಹೋಗಿದೆ ಎಂದು ನಿಮಗೂ ಗೊತ್ತಾಗುತ್ತದೆ. ಒಳಮೂಲೆ, ಒಂದೇ ಟೈಲಿನ ಅಗಲದ ದಾರಿ, ಬೇರೆ ಎತ್ತರ ಸೇರುವ ಕಡೆ, ಇವು ಸಾಮಾನ್ಯವಾಗಿ ತಪ್ಪಿಹೋಗುವಂಥವು. ಕೊಂಡವರು ಅರ್ಧ ನಕ್ಷೆ ಕಟ್ಟಿದ ಮೇಲೆ ಇದು ಗೊತ್ತಾದರೆ ಕಾಮೆಂಟಿನಲ್ಲಿ ಬರೆದೇ ಬರೆಯುತ್ತಾರೆ.

ಟೈಲುಗಳ ನಡುವೆ ಆಟದಲ್ಲಿ ಸಣ್ಣ ಗೆರೆ ಮಿನುಗುತ್ತದೆ ಎಂಬುದು ಇನ್ನೊಂದು ಮಾಮೂಲಿ ದೂರು. ಕ್ಯಾಮೆರಾ ಭಿನ್ನಾಂಕದ ಸ್ಥಾನದಲ್ಲಿದ್ದಾಗ ಇಂಜಿನ್ ಪಕ್ಕದ ಟೈಲಿನ ಬಣ್ಣವನ್ನೂ ಸ್ವಲ್ಪ ಎತ್ತಿಕೊಳ್ಳುತ್ತದೆ, ಅದಕ್ಕೆ ಗೆರೆ. ಪ್ರತಿ ಟೈಲಿನ ಅಂಚಿನ ಬಣ್ಣವನ್ನೇ 1-2 ಪಿಕ್ಸೆಲ್ ಹೊರಗೆ ಎಳೆದ ಇನ್ನೊಂದು ಶೀಟನ್ನೂ ಪ್ಯಾಕಿನಲ್ಲಿ ಇಡಿ.

ಸಂಗೀತ, ಸದ್ದಿನ ಪ್ಯಾಕ್ ಆದರೆ ಡಬ್ಲ್ಯೂಎವಿ ಮತ್ತು ಓಜಿಜಿ ಎರಡೂ ಕೊಡಿ. ಎಂಪಿ3 ಒಂದೇ ಕೊಟ್ಟರೆ ಸಾಲದು. ಎನ್‌ಕೋಡ್ ಆಗುವಾಗ ಫೈಲಿನ ತುದಿಗಳಲ್ಲಿ ಚೂರು ಮೌನ ಸೇರುತ್ತದೆ, ಸುತ್ತಿ ಸುತ್ತಿ ಬಾರಿಸುವಾಗ ಪ್ರತಿ ಸುತ್ತಿಗೂ ತಡವರಿಸಿದಂತೆ ಕೇಳುತ್ತದೆ. 3ಡಿ ಮಾಡೆಲ್ ಆದರೆ ತ್ರಿಕೋನಗಳ ಸಂಖ್ಯೆ, ಟೆಕ್ಸ್ಚರ್ ಅಳತೆ, 1 ಯೂನಿಟ್ ಅಂದರೆ 1 ಮೀಟರ್ ಹೌದೋ ಅಲ್ಲವೋ ಎಂಬುದು ಬರೆಯಿರಿ. ಮಾಡೆಲ್ ಮಾಡುವ ತಂತ್ರಾಂಶ ಬ್ಲೆಂಡರಿನಲ್ಲಿ ಮೇಲ್ದಿಕ್ಕು ಝೆಡ್, ಯೂನಿಟಿಯಲ್ಲಿ ವೈ. ಟ್ರಾನ್ಸ್‌ಫಾರ್ಮ್ ಅಪ್ಲೈ ಮಾಡದೆ (ತಿರುವು, ಅಳತೆಯನ್ನು ಮಾಡೆಲಿನಲ್ಲೇ ನೆಲೆಗೊಳಿಸದೆ) ಎಕ್ಸ್‌ಪೋರ್ಟ್ ಮಾಡಿದರೆ ಕೊಂಡವರ ದೃಶ್ಯದಲ್ಲಿ ಮಾಡೆಲ್ ಅಂಗಾತ ಮಲಗುತ್ತದೆ.

ಲೈಸೆನ್ಸ್ ಬಗ್ಗೆ ಉದಾಸೀನ ಮಾಡಬೇಡಿ. ಲೈಸೆನ್ಸ್ ಬರೆಯದ ಉಚಿತ ಪ್ಯಾಕನ್ನು ಎಚ್ಚರ ಇರುವ ಯಾವ ತಂಡವೂ ಬಳಸುವುದಿಲ್ಲ. ನಾಲ್ಕು ಪ್ರಶ್ನೆಗೆ ನೇರ ಉತ್ತರ ಕೊಡಿ: ಮಾರುವ ಆಟದಲ್ಲಿ ಬಳಸಬಹುದಾ, ಬದಲಿಸಬಹುದಾ, ಹೆಸರು ಹಾಕಬೇಕಾ, ಪ್ಯಾಕನ್ನೇ ಮತ್ತೆ ಹಂಚಬಹುದಾ. ಸಿದ್ಧ ಲೈಸೆನ್ಸ್‌ಗಳಾದ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪೈಕಿ, ಯಾವ ಷರತ್ತೂ ಬೇಡವೆಂದರೆ ಸಿಸಿ ಝೀರೋ, ಹೆಸರು ಬೇಕೆಂದರೆ ಸಿಸಿ ಬೈ 4.0. ವಾಣಿಜ್ಯ ಬಳಕೆ ಇಲ್ಲ ಎಂಬ ಸಿಸಿ ಲೈಸೆನ್ಸ್ ಹಾಕಿದರೆ ಕೊಳ್ಳಬಹುದಾದವರೇ ದೂರ ಹೋಗುತ್ತಾರೆ. ಹಾಗೇ ನಿಮ್ಮ ಪ್ಯಾಕಿನಲ್ಲಿ ಬೇರೆಯವರ ಬ್ರಷ್, ಫಾಂಟ್, ಸದ್ದಿನ ತುಣುಕು ಸೇರಿದ್ದರೆ ಮಾರಲು ಅನುಮತಿ ಇದೆಯೇ ಎಂದು ಒಂದೊಂದನ್ನೂ ನೋಡಿ. ಲೈಸೆನ್ಸನ್ನು ಪುಟದಲ್ಲೂ ಬರೆದು, ಜಿಪ್ ಒಳಗೆ ಟೆಕ್ಸ್ಟ್ ಫೈಲಾಗಿಯೂ ಇಡಿ. ಎರಡು ವರ್ಷ ಬಿಟ್ಟು ಫೋಲ್ಡರ್ ತೆರೆದವರ ಕೈಗೆ ಪುಟ ಸಿಗುವುದಿಲ್ಲ, ಆ ಫೈಲು ಸಿಗುತ್ತದೆ.

ಪ್ಯಾಕ್ ಬೆಳೆಸುತ್ತ ಹೋಗುವುದು ಒಳ್ಳೆಯ ಪ್ರಚಾರ. ಹೊಸದು ಸೇರಿಸಿದಾಗೆಲ್ಲ ಪುಟದಲ್ಲೇ ಡೆವ್‌ಲಾಗ್ (ಕೆಲಸದ ಸುದ್ದಿ ತಿಳಿಸುವ ಬರಹ) ಬರೆಯಿರಿ, ಹಿಂಬಾಲಿಸುವವರಿಗೆ ಸುದ್ದಿ ಹೋಗುತ್ತದೆ. ಆದರೆ ಹಳೇ ಫೈಲುಗಳ ಹೆಸರು, ಶೀಟಿನಲ್ಲಿ ಟೈಲುಗಳ ಜಾಗ ಎಂದೂ ಬದಲಿಸಬೇಡಿ. ಹೊಸ ಟೈಲು ಶೀಟಿನ ಕೆಳಗೆ ಸೇರಲಿ. ನಡುವೆ ತುರುಕಿದರೆ ಅದನ್ನು ಬಳಸಿದ ಪ್ರತಿ ಆಟದ ನಕ್ಷೆಯೂ ಕಲಸಿಹೋಗುತ್ತದೆ.

ಬೆಲೆ

ಇಚ್‌ನಲ್ಲಿ ತಾಣದ ಪಾಲು ಮೊದಲೇ 10% ಎಂದು ಇರುತ್ತದೆ, ಬೇಕಾದಂತೆ ಬದಲಿಸಬಹುದು. ಹೆಚ್ಚು ಕಚ್ಚುವುದು ಪಾವತಿ ಸಂಸ್ಥೆಯ ಶುಲ್ಕ, ಸುಮಾರು 2.9% ಮತ್ತು ಪ್ರತಿ ವಹಿವಾಟಿಗೆ 30 ಸೆಂಟ್. 1 ಡಾಲರಿನ ಪ್ಯಾಕ್ ಮಾರಿದರೆ ಶುಲ್ಕಕ್ಕೆ 33 ಸೆಂಟ್, ತಾಣಕ್ಕೆ 10 ಸೆಂಟ್ ಹೋಗಿ ಉಳಿಯುವುದು 57 ಸೆಂಟ್. ಅದೇ 5 ಡಾಲರ್ ಆದರೆ ಹೆಚ್ಚುಕಡಿಮೆ 4 ಡಾಲರ್ ಉಳಿಯುತ್ತದೆ. ಆದ್ದರಿಂದ 1 ಡಾಲರಿನ ಐದು ಸಣ್ಣ ಪ್ಯಾಕಿಗಿಂತ 5 ಡಾಲರಿನ ಒಂದು ತುಂಬಿದ ಪ್ಯಾಕ್ ಲಾಭ. ನೀವು ಇಟ್ಟ ಬೆಲೆ ಕನಿಷ್ಠ ಮಾತ್ರ, ಕೊಳ್ಳುವವರು ಹೆಚ್ಚು ಕೊಡಲು ತಾಣ ಜಾಗ ಬಿಟ್ಟಿರುತ್ತದೆ.

ಹೊಸಬರಿಗೆ ಚೆನ್ನಾಗಿ ನಡೆಯುವ ಕ್ರಮ: ಒಂದು ಭಾಗ ಪೂರ್ತಿ ಉಚಿತ, ಉಳಿದದ್ದಕ್ಕೆ ಬೆಲೆ. ಒಂದೇ ಪುಟದಲ್ಲಿ ಒಂದೊಂದು ಫೈಲಿಗೆ ಬೇರೆ ಬೇರೆ ಬೆಲೆ ಇಡುವ ಸೌಲಭ್ಯ ಇದೆ, ಹಾಗಾಗಿ ಉಚಿತದ್ದಕ್ಕೆ ಇನ್ನೊಂದು ಪುಟ ಬೇಡ. ಉಚಿತ ಭಾಗ ಒಂದು ಚಿಕ್ಕ ಆಟಕ್ಕೆ ಸಾಕಾಗುವಷ್ಟಿರಬೇಕು. ನಾಲ್ಕು ಟೈಲು ಕೊಟ್ಟು ಸ್ಯಾಂಪಲ್ ಎಂದರೆ ಯಾರೂ ಬಳಸಿ ನೋಡುವುದಿಲ್ಲ.

ಜನರನ್ನು ಕರೆತರುವುದು

ಗೇಮ್ ಜ್ಯಾಮ್‌ಗಳು, ಅಂದರೆ ಗೊತ್ತಾದ ಗಡುವಿನೊಳಗೆ ಎಲ್ಲರೂ ಆಟ ಮಾಡಿ ಹಾಕುವ ಸ್ಪರ್ಧೆಗಳು, ಇಚ್‌ನ ಜೀವಾಳ. ಆಟ ಮಾಡಿ ಹಾಕಿದರೆ ಜ್ಯಾಮಿನ ಮಂದಿ ತಾವಾಗಿ ಬಂದು ಆಡುತ್ತಾರೆ. ಅಂಕ ಹೇಗೆ ಬರುತ್ತದೆ ಎಂಬುದು ಮಾತ್ರ ತಿಳಿದಿರಲಿ. ಇಡೀ ಜ್ಯಾಮಿನಲ್ಲಿ ಒಂದೊಂದು ಆಟಕ್ಕೆ ಬಿದ್ದ ಓಟುಗಳ ಸಂಖ್ಯೆಯ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆಯುತ್ತಾರೆ. ನಿಮ್ಮ ಓಟು ಅದಕ್ಕಿಂತ ಕಡಿಮೆಯಿದ್ದರೆ ನಿಮ್ಮ ಓಟನ್ನು ಮಧ್ಯಾಂಕದಿಂದ ಭಾಗಿಸಿ, ಅದರ ವರ್ಗಮೂಲದಿಂದ ಸರಾಸರಿ ಅಂಕವನ್ನು ಗುಣಿಸುತ್ತಾರೆ. ಮಧ್ಯಾಂಕ 20 ಇದ್ದು ನಿಮಗೆ 5 ಓಟು ಬಿದ್ದು ಸರಾಸರಿ 4.2 ಬಂದಿದ್ದರೆ, ಕಾಲು ಭಾಗದ ವರ್ಗಮೂಲ ಅರ್ಧ, ಕೊನೆಯ ಅಂಕ 2.1. ಒಳ್ಳೆಯ ಆಟವೂ ಹೀಗೆ ಕೆಳಗೆ ಹೋಗುತ್ತದೆ. ಓಟು ಬರುವ ದಾರಿ ಒಂದೇ: ಓಟಿಂಗ್ ಶುರುವಾದ ಮೊದಲ ಎರಡು ದಿನದಲ್ಲೇ ಬೇರೆಯವರ ಆಟ ಆಡಿ, ಏನು ಹಿಡಿಸಿತು, ಎಲ್ಲಿ ತೊಡಕಾಯಿತು ಎಂದು ಎರಡು ಸಾಲು ಪ್ರಾಮಾಣಿಕವಾಗಿ ಬರೆಯಿರಿ. ಬರೆಸಿಕೊಂಡವರಲ್ಲಿ ಬಹಳ ಜನ ತಿರುಗಿ ಬಂದು ಆಡುತ್ತಾರೆ. ಅಸೆಟ್ ಮಾಡುವವರು ಜ್ಯಾಮ್ ಶುರುವಾಗುವ ಒಂದು ವಾರ ಮುಂಚೆ ಉಚಿತ ಪ್ಯಾಕ್ ಬಿಟ್ಟರೆ ಬಳಕೆ ಹೆಚ್ಚು. ಎರಡು ದಿನದಲ್ಲಿ ಆಟ ಮುಗಿಸಬೇಕಾದವರಿಗೆ ಚಿತ್ರ ಬರೆಯಲು ಸಮಯ ಇರುವುದಿಲ್ಲ.

ವಿಡಿಯೋ ಹಾಕುವಾಗ ಮೊದಲ ಮೂರು ಸೆಕೆಂಡಿನಲ್ಲೇ ಆಟ ನಡೆಯುತ್ತಿರಲಿ, ಲೋಗೋ ಕೊನೆಗೆ ಬರಲಿ. ರೆಡಿಟ್‌ನ ಗೋಡೋ, ಯೂನಿಟಿ ಬಳಗಗಳಲ್ಲಿ ಬರೀ ಲಿಂಕ್ ಎಸೆದರೆ ಅಳಿಸಿಹಾಕುತ್ತಾರೆ. ಆ ನೀರು ಹೇಗೆ ಮಾಡಿದಿರಿ, ಆ ಶೇಡರ್ (ಬೆಳಕು, ಬಣ್ಣ ಮೂಡಿಸುವ ಕೋಡು) ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿ ಕೊನೆಗೆ ಲಿಂಕ್ ಕೊಟ್ಟರೆ ನಿಲ್ಲುತ್ತದೆ. ಪ್ರತಿ ಬಳಗದ ನಿಯಮ ಬೇರೆ, ಹಾಕುವ ಮೊದಲು ಓದಿ.

ಯೂಟ್ಯೂಬಿನವರಿಗೆ ಬರೆಯುವ ಮೇಲ್ ಚಿಕ್ಕದಾಗಿರಲಿ: ಆಟ ಏನು ಎಂದು ಒಂದು ಸಾಲು, ಅವರು ಆಡಿದ ಯಾವ ಆಟಕ್ಕೆ ಹತ್ತಿರ ಎಂದು ಇನ್ನೊಂದು, ಒಂದು ಜಿಫ್, ಒಂದು ಕೀ (ಆಟವನ್ನು ಉಚಿತವಾಗಿ ಪಡೆಯುವ ಸಂಕೇತ). ಸಾವಿರ ಜನರಿಗೆ ಒಂದೇ ಮೇಲ್ ಕಳಿಸುವ ಬದಲು ನಿಮ್ಮ ಬಗೆಯ ಆಟವನ್ನೇ ಆಡುವ ಮೂವತ್ತು ಚಾನೆಲ್ ಆರಿಸಿ. ಆಟ ಬಿಟ್ಟ ದಿನವೇ ನಿಮಗೂ ಕೀ ಕೇಳಿ ಮೇಲ್‌ಗಳು ಬರುತ್ತವೆ, ಅವುಗಳಲ್ಲಿ ಹಲವು ಕೀ ಮಾರುವವರವು. ಚಾನೆಲಿನ ಅಬೌಟ್ ಪುಟದಲ್ಲಿರುವ ವಿಳಾಸವೂ ಮೇಲ್ ಬಂದ ವಿಳಾಸವೂ ಒಂದಕ್ಷರವೂ ತಪ್ಪದೆ ಹೊಂದಿದರೆ ಮಾತ್ರ ಕೊಡಿ.

ಸೇಲ್, ಬಂಡಲ್ (ಹಲವನ್ನು ಸೇರಿಸಿ ಒಂದೇ ಬೆಲೆಗೆ ಮಾರುವುದು) ಎರಡನ್ನೂ ಡ್ಯಾಶ್‌ಬೋರ್ಡಿನಿಂದಲೇ ಮಾಡಬಹುದು. ಒಂದೇ ಶೈಲಿಯ ನಾಲ್ಕೈದು ಪ್ಯಾಕ್ ಸೇರಿದ ಬಂಡಲ್, ಅಥವಾ ಪರಿಚಯದ ಇಬ್ಬರು ಮೂವರ ಜತೆ ಸೇರಿ ಮಾಡಿದ ಬಂಡಲ್ ಚೆನ್ನಾಗಿ ಹೋಗುತ್ತದೆ, ಒಬ್ಬರ ಜನ ಇನ್ನೊಬ್ಬರಿಗೂ ಸಿಗುತ್ತಾರೆ. ಸಾವಿರಾರು ವಸ್ತುಗಳ ದೊಡ್ಡ ಬಂಡಲ್ ಬೇರೆ ಮಾತು. 2020ರ ಜೂನ್‌ನಲ್ಲಿ ಜನಾಂಗೀಯ ನ್ಯಾಯಕ್ಕಾಗಿ ಇಚ್ ಮಾಡಿದ ಬಂಡಲ್ 80 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿತು. ಅಂಥದ್ದಕ್ಕೆ ಕೊಡುವುದು ಒಳ್ಳೆಯ ಕೆಲಸ, ಆದರೆ ಅದನ್ನು ಪ್ರಚಾರದ ದಾರಿ ಎಂದು ಎಣಿಸಬೇಡಿ. ಅಷ್ಟು ದೊಡ್ಡ ರಾಶಿಯಲ್ಲಿ ಪ್ರತಿಯೊಂದನ್ನೂ ಯಾರೂ ತೆರೆದು ನೋಡುವುದಿಲ್ಲ.

ಸ್ಟೀಮ್ ಮತ್ತು ಬೇರೆ ಅಂಗಡಿಗಳು

ಇಚ್‌ನಲ್ಲಿ ಡೆಮೋ ಆಡಿದವರು ಪೂರ್ತಿ ಆಟ ಕೇಳಲು ಶುರು ಮಾಡಿದರೆ ಸ್ಟೀಮ್ ಪುಟ ತೆರೆಯುವ ಹೊತ್ತು ಬಂದಿದೆ. ಪ್ರತಿ ಆಟಕ್ಕೆ 100 ಡಾಲರ್ ಕಟ್ಟಬೇಕು, ಆಟ 1,000 ಡಾಲರ್ ದುಡಿದ ಮೇಲೆ ಅದು ವಾಪಸ್ ಸಿಗುತ್ತದೆ. ಹಣ ಕಟ್ಟಿದ ಮೇಲೆ 30 ದಿನ ಕಾಯದೆ ಬಿಡುಗಡೆ ಮಾಡುವಂತಿಲ್ಲ, 'ಶೀಘ್ರದಲ್ಲಿ' ಪುಟ ಕನಿಷ್ಠ ಎರಡು ವಾರ ತೆರೆದಿರಬೇಕು. ಇವು ಕನಿಷ್ಠ ಗಡುವುಗಳು, ನಿಜಕ್ಕೂ ವಿಶ್‌ಲಿಸ್ಟ್ (ಮುಂದೆ ಕೊಳ್ಳಲು ಜನ ಗುರುತು ಹಾಕಿಟ್ಟ ಪಟ್ಟಿ) ಕೂಡಲು ಅರ್ಧ ವರ್ಷವಾದರೂ ಪುಟ ತೆರೆದಿಡಿ. ಬಿಡುಗಡೆಯಾದಾಗ, ಮತ್ತೆ 20% ಅಥವಾ ಹೆಚ್ಚು ರಿಯಾಯಿತಿ ಕೊಟ್ಟಾಗ ವಿಶ್‌ಲಿಸ್ಟ್ ಮಾಡಿದವರಿಗೆ ಮೇಲ್ ಹೋಗುತ್ತದೆ. 15% ರಿಯಾಯಿತಿಗೆ ಹೋಗುವುದಿಲ್ಲ. ಡೆಮೋಗಳ ಹಬ್ಬವಾದ ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಒಂದು ಆಟಕ್ಕೆ ಒಂದೇ ಸಲ ಅವಕಾಶ. ಅದನ್ನು ಬಿಡುಗಡೆಗೆ ಹತ್ತಿರದ ಹಬ್ಬಕ್ಕೆ ಉಳಿಸಿಕೊಳ್ಳಿ. 10 ವಿಮರ್ಶೆ ಬರುವ ತನಕ ಪುಟದಲ್ಲಿ ಒಟ್ಟು ಅಭಿಪ್ರಾಯ ಕಾಣುವುದಿಲ್ಲ, ಆಡಿದ ಗೆಳೆಯರಲ್ಲಿ ಕೊಂಡವರಿದ್ದರೆ ಅನಿಸಿದ್ದನ್ನು ಬರೆಯಲು ಹೇಳಿ. ಸ್ಟೀಮ್‌ನ ದಿನ ಮಗುಚುವುದು ಅಮೆರಿಕದ ಪೆಸಿಫಿಕ್ ಸಮಯ ಬೆಳಿಗ್ಗೆ 10ಕ್ಕೆ, ನಮ್ಮಲ್ಲಿ ಅದು ಅಮೆರಿಕದ ಬೇಸಿಗೆ ಸಮಯ ಇದ್ದಾಗ ರಾತ್ರಿ 10:30, ಅಲ್ಲಿನ ಚಳಿಗಾಲದಲ್ಲಿ 11:30. ಬಿಡುಗಡೆಯ ರಾತ್ರಿ ದೋಷ ಸರಿಪಡಿಸಲು ಎಚ್ಚರವಾಗಿರಬೇಕಾಗುತ್ತದೆ, ಮರುದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಅಸೆಟ್‌ಗಳಿಗೆ ಯೂನಿಟಿ ಅಸೆಟ್ ಸ್ಟೋರ್ ಮಾರಾಟದ 70% ಕೊಡುತ್ತದೆ, 2024ರ ಅಕ್ಟೋಬರಿನಲ್ಲಿ ಎಪಿಕ್ ಸಂಸ್ಥೆ ತೆರೆದ ಫ್ಯಾಬ್ ಅಂಗಡಿ 88% ಕೊಡುತ್ತದೆ. ಎರಡರಲ್ಲೂ ಪರಿಶೀಲನೆ ಇದೆ, ಇಚ್‌ನಲ್ಲಿ ಬಂದ ದೂರುಗಳನ್ನು ಸರಿಪಡಿಸಿಕೊಂಡು ಹೋದರೆ ತಿರಸ್ಕಾರ ಕಡಿಮೆ.

ದುಡ್ಡು ಕೈಗೆ ಬರುವುದು

ಇಚ್‌ನಲ್ಲಿ ತಾಣವೇ ಹಣ ಸಂಗ್ರಹಿಸಿ ಆಮೇಲೆ ಕೊಡುವ ಕ್ರಮವನ್ನು ಆರಿಸಿದರೆ, ಪ್ರತಿ ಪಾವತಿ 7 ದಿನ ಹಳೆಯದಾದ ಮೇಲೆ ಹಣಕ್ಕೆ ಬೇಡಿಕೆ ಇಡಬಹುದು, ಅವರು ಪರಿಶೀಲಿಸಿ ಕಳಿಸುತ್ತಾರೆ. ಅದಕ್ಕೆ ಮೊದಲು ತೆರಿಗೆಯ ಪ್ರಶ್ನಾವಳಿ ತುಂಬಬೇಕು. ಭಾರತದಲ್ಲಿರುವ ವ್ಯಕ್ತಿಗೆ ಡಬ್ಲ್ಯೂ-8ಬೆನ್ (ವಿದೇಶಿಯರು ತುಂಬುವ ಅಮೆರಿಕದ ತೆರಿಗೆ) ಅರ್ಜಿ ಬರುತ್ತದೆ, ವಿದೇಶಿ ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಬರೆಯಿರಿ, ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಶ್ನೆಗೆ ಭಾರತ ಆರಿಸಿ. ಹಾಗೆ ಮಾಡಿದರೆ ಅಮೆರಿಕದ ಕೊಳ್ಳುವವರಿಂದ ಬಂದ ರಾಯಲ್ಟಿಗೆ 30% ಬದಲು 15% ಹಿಡಿಯುತ್ತಾರೆ, ಸ್ಟೀಮ್‌ನಲ್ಲೂ ಇದೇ. ಅರ್ಜಿಯಲ್ಲಿ ಹೆಸರು ಪ್ಯಾನ್ ಕಾರ್ಡಿನಲ್ಲಿ ಇದ್ದಂತೆಯೇ ಇರಲಿ, ಬ್ಯಾಂಕ್ ಖಾತೆಯ ಹೆಸರೂ ಅದೇ ಆಗಿರಲಿ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದು ಹಣ ನಿಂತುಹೋಗುವುದು ನಮ್ಮ ಕಡೆಯ ಹೆಸರುಗಳಿಗೆ ಆಗುತ್ತಿರುತ್ತದೆ. ಹಿಡಿದ ತೆರಿಗೆಯ ವಾರ್ಷಿಕ ಪತ್ರ ಮತ್ತು ವಿದೇಶದಿಂದ ಹಣ ಬಂದ ಬ್ಯಾಂಕಿನ ದಾಖಲೆ ಎರಡನ್ನೂ ಜೋಪಾನವಾಗಿಟ್ಟು ರಿಟರ್ನ್ ಹಾಕುವಾಗ ಲೆಕ್ಕಿಗರಿಗೆ ಕೊಡಿ, ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ವಜಾ ಮಾಡಿಕೊಳ್ಳಲು ಅವು ಬೇಕು.